ಎರಡು ದಿನದ ಸರೋವರ ಪ್ರವಾಸ: ಫೋಟೊಗೆ ಯಾವ ದಡ, ಯಾವ ಎತ್ತರ, ಯಾವ ಹೊತ್ತು?

ಶನಿವಾರ ಮಧ್ಯಾಹ್ನ ತಲುಪುತ್ತೀರಿ. ಭಾನುವಾರ ಮಧ್ಯಾಹ್ನ ಹೊರಡುತ್ತೀರಿ. ನಡುವೆ ನಿಮಗೆ ಸಿಗುವುದು ಒಂದು ಸಂಜೆ, ಒಂದು ಬೆಳಗ್ಗೆ. ಇನ್ನೊಂದು ರಾತ್ರಿ ಉಳಿದರೆ ಅವು ಎರಡೆರಡಾಗುತ್ತವೆ. ಸರೋವರದ ಸುತ್ತ ಫೋಟೊ ತೆಗೆಯುವಂಥ ಜಾಗಗಳು ಇಪ್ಪತ್ತಿರಬಹುದು. ಒಳ್ಳೆಯ ಬೆಳಕಿನ ಹೊತ್ತು ಮಾತ್ರ ಎರಡೋ ನಾಲ್ಕೋ.

ಮೊದಮೊದಲು ನಾನು ಜಾಗಗಳ ಪಟ್ಟಿ ಹಿಡಿದು ಹೋಗುತ್ತಿದ್ದೆ. ಒಂದು ಮುಗಿಸಿ ಇನ್ನೊಂದಕ್ಕೆ ಓಡುತ್ತಿದ್ದೆ. ಮನೆಗೆ ಬಂದು ನೋಡಿದರೆ ಎಂಟು ಜಾಗದ ಫೋಟೊ ಇರುತ್ತಿತ್ತು, ಅದರಲ್ಲಿ ಆರು ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಚಿಕೊಂಡಿರುತ್ತಿದ್ದವು. ಈಗ ಪಟ್ಟಿ ಮಾಡುವುದನ್ನು ಬಿಟ್ಟಿದ್ದೇನೆ. ಮೊದಲು ಬೆಳಕಿನ ಹೊತ್ತು ಎಷ್ಟು ಸಿಗುತ್ತದೆ ಅಂತ ಎಣಿಸುತ್ತೇನೆ. ಒಂದು ಹೊತ್ತಿಗೆ ಒಂದೇ ಜಾಗ ಅಂತ ಕಟ್ಟುಹಾಕಿಕೊಳ್ಳುತ್ತೇನೆ. ಆಗ ಆಯ್ಕೆ ಮಾಡಲೇಬೇಕಾಗುತ್ತದೆ, ಅಲ್ವಾ? ಆ ಆಯ್ಕೆಗಳನ್ನೇ ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡೋಣ.

ಯಾವ ದಡ?

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಇದು ತಪ್ಪಿದರೆ ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಜಾಸ್ತಿ ಉಪಯೋಗವಿಲ್ಲ.

ಬೆಳಗ್ಗೆ ಪಶ್ಚಿಮದ ದಡದಲ್ಲಿ ನಿಂತರೆ ಸೂರ್ಯ ನೀರಿನಾಚೆ, ನಿಮ್ಮ ಎದುರಿಗೇ ಹುಟ್ಟುತ್ತಾನೆ. ಪೂರ್ವದ ದಡದಲ್ಲಿ ನಿಂತರೆ ಬೆನ್ನ ಹಿಂದೆ ಹುಟ್ಟಿ ಎದುರಿನ ದಡವನ್ನು ಬೆಳಗುತ್ತಾನೆ. ಸಂಜೆ ಇದು ಅದಲುಬದಲು.

ಸೂರ್ಯ ಎದುರಿಗಿದ್ದಾಗ ಬಣ್ಣವೆಲ್ಲ ಆಕಾಶದಲ್ಲಿ ಮತ್ತು ನೀರಿನಲ್ಲಿ ಇರುತ್ತದೆ. ಮರ, ದೋಣಿ, ಮನುಷ್ಯ ಎಲ್ಲ ಕಪ್ಪು ಆಕಾರಗಳಾಗುತ್ತವೆ. ನೀರಿನ ಮೇಲೆ ಮಂಜು ಇದ್ದರೆ ಬೆಳಕು ಅದರೊಳಗಿಂದ ಹಾದು ಬಂದು ಮಂಜೇ ಹೊಳೆಯುತ್ತದೆ. ಸೂರ್ಯ ಬೆನ್ನಿಗಿದ್ದಾಗ ಆಕಾಶ ಅಷ್ಟು ಕೆಂಪಾಗಿ ಕಾಣುವುದಿಲ್ಲ. ಬದಲಿಗೆ ಎದುರಿನ ಗುಡ್ಡದ ಬಂಡೆ, ಕಾಡು, ಮಣ್ಣು ಬೆಚ್ಚಗಿನ ಬಣ್ಣಕ್ಕೆ ತಿರುಗುತ್ತವೆ. ನೀರು ಅಲುಗದಿದ್ದರೆ ಆ ಬಣ್ಣ ಎರಡು ಪಟ್ಟಾಗುತ್ತದೆ.

ಎರಡರಲ್ಲಿ ಯಾವುದು ಅಂತ ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಎದುರು ದಡದಲ್ಲಿ ಏನಿದೆ? ಎತ್ತರದ ಬೆಟ್ಟವಿದ್ದರೆ ಸೂರ್ಯ ನನ್ನ ಬೆನ್ನಿಗಿರಲಿ. ಎದುರು ಬರೀ ಬಯಲು, ತೆಳ್ಳಗೆ ಒಂದು ಗೆರೆಯಷ್ಟೇ ದಡ ಅಂದರೆ ಸೂರ್ಯ ಎದುರಿಗಿರಲಿ, ಏಕೆಂದರೆ ಬೆಳಗಲು ಅಲ್ಲಿ ಏನೂ ಇಲ್ಲ.

ಕೆನಡಾದ ಮೊರೇನ್ ಲೇಕ್ ಬೆನ್ನ ಬೆಳಕಿಗೆ ಒಳ್ಳೆಯ ಉದಾಹರಣೆ. ಅಲ್ಲಿ ಜನ ನಿಲ್ಲುವುದು ರಾಕ್‌ಪೈಲ್ ಅನ್ನುವ ಕಲ್ಲುಗುಡ್ಡೆಯ ಮೇಲೆ, ಸರೋವರದ ಈಶಾನ್ಯ ತುದಿಯಲ್ಲಿ. ನೋಟ ನೈಋತ್ಯಕ್ಕೆ, ಸಾಲು ಶಿಖರಗಳ ಕಡೆಗೆ. ಬೆಳಗಿನ ಸೂರ್ಯ ಹಿಂದಿನಿಂದ ಬಂದು ಮೊದಲು ಶಿಖರಗಳ ತುದಿಗೆ ಬಣ್ಣ ಹಚ್ಚುತ್ತಾನೆ. ಅದೇ ಜಾಗಕ್ಕೆ ಸಂಜೆ ಹೋದರೆ ಸೂರ್ಯ ಶಿಖರಗಳ ಆಚೆಗೆ ಹೋಗಿರುತ್ತಾನೆ, ಅವು ನೆರಳಿನಲ್ಲಿರುತ್ತವೆ. ಸ್ಲೊವೇನಿಯಾದ ಬ್ಲೆಡ್ ಸರೋವರದಲ್ಲಿ ಲೆಕ್ಕ ಬೇರೆ. ಅಲ್ಲಿನ ಹೆಸರಾದ ನೋಟದ ಜಾಗ ಒಯ್‌ಸ್ಟ್ರಿತ್ಸ ಗುಡ್ಡ ಸರೋವರದ ನೈಋತ್ಯಕ್ಕಿದೆ. ಅಲ್ಲಿಂದ ದ್ವೀಪ, ಅದರ ಮೇಲಿನ ಚರ್ಚು, ಆಚೆಯ ಕೋಟೆ ಎಲ್ಲ ಪೂರ್ವದ ಕಡೆಗೆ ಕಾಣುತ್ತವೆ. ಹಾಗಾಗಿ ಅಲ್ಲೂ ಬೆಳಗ್ಗೆಯೇ ಹೋಗುತ್ತಾರೆ, ಆದರೆ ಎದುರು ಬೆಳಕಿಗಾಗಿ. ಚರ್ಚಿನ ಗೋಪುರ ಗುರುತು ಸಿಗುವಂಥ ಆಕಾರ. ಕಪ್ಪಾಗಿ ಕಂಡರೂ ಅದು ಏನು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಎರಡೂ ಕಡೆ ಬೆಳಗಿನ ಹೊತ್ತೇ ಬೇಕು, ಆದರೆ ಕಾರಣ ಬೇರೆ ಬೇರೆ. ನೀವು ಹೋಗುವ ಸರೋವರ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಅಂತ ಮೊದಲೇ ನಕ್ಷೆ ನೋಡಿ ತಿಳಿದುಕೊಳ್ಳಬಹುದು.

ಉತ್ತರ, ದಕ್ಷಿಣದ ದಡಗಳನ್ನು ಜಾಸ್ತಿ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿಕ್ಕ ಪ್ರವಾಸಕ್ಕೆ ನನಗೆ ಅವೇ ಇಷ್ಟ. ಅಲ್ಲಿ ಬೆಳಗ್ಗೆಯೂ ಸಂಜೆಯೂ ಬೆಳಕು ಪಕ್ಕದಿಂದ ಬರುತ್ತದೆ. ಒಂದೇ ಜಾಗ ಎರಡೂ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಪಕ್ಕದ ಬೆಳಕಿನಲ್ಲಿ ಬಂಡೆಯ ಉಬ್ಬುತಗ್ಗು, ಅಲೆಯ ಗೆರೆ, ಮರದ ತೊಗಟೆ ಎಲ್ಲ ಎದ್ದು ಕಾಣುತ್ತವೆ.

ಇಲ್ಲಿ ತಿಂಗಳಿನ ಲೆಕ್ಕವೂ ಇದೆ. ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಮಾತ್ರ. ಜೂನ್‌ನಲ್ಲಿ ಹುಟ್ಟುವ ಜಾಗ ಉತ್ತರಕ್ಕೆ ಸರಿದಿರುತ್ತದೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ. 15 ಡಿಗ್ರಿ ಅಕ್ಷಾಂಶದಲ್ಲಿ ಈ ಸರಿದಾಟ ಆಚೆಗೆ ಈಚೆಗೆ ಸುಮಾರು 24 ಡಿಗ್ರಿ. 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 34 ಡಿಗ್ರಿ. ಇದು ಸಣ್ಣ ಅಂತರವಲ್ಲ. ಯಾರೋ ಜೂನ್‌ನಲ್ಲಿ ತೆಗೆದ ಫೋಟೊದಲ್ಲಿ ಸೂರ್ಯ ದ್ವೀಪದ ಹಿಂದೆ ಹುಟ್ಟಿದ್ದರೆ, ಡಿಸೆಂಬರ್‌ನಲ್ಲಿ ಅದೇ ಕಲ್ಲಿನ ಮೇಲೆ ನಿಂತವರಿಗೆ ಅವನು ಫ್ರೇಮಿನ ಆಚೆ ಎಲ್ಲೋ ಹುಟ್ಟುತ್ತಾನೆ. ಡಿಸೆಂಬರ್‌ನಲ್ಲಿ ಹುಟ್ಟು, ಮುಳುಗು ಎರಡೂ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ದಡದಲ್ಲಿ ನಿಂತು ದಕ್ಷಿಣಕ್ಕೆ ನೋಡುವವರಿಗೆ ಲಾಭ. ಎರಡೂ ಹೊತ್ತಿನ ಬಣ್ಣ ಅವರ ನೋಟದ ಎಡಬಲದ ಅಂಚಿಗೆ ಸಿಗುತ್ತದೆ.

ಬೆಟ್ಟದ ನೆರಳನ್ನೂ ಮರೆಯಬೇಡಿ. ಪೂರ್ವಕ್ಕೆ ದೊಡ್ಡ ಬೆಟ್ಟವಿದ್ದರೆ ಸೂರ್ಯೋದಯದ ಸಮಯ ಅಂತ ಫೋನು ತೋರಿಸುವ ಹೊತ್ತಿಗೆ ನೀರಿನ ಮೇಲೆ ಬಿಸಿಲು ಬಂದಿರುವುದಿಲ್ಲ. ಅದು ಬರುವಾಗ ಬೆಳಕು ಆಗಲೇ ಬೆಳ್ಳಗಾಗಿರುತ್ತದೆ. ಅಂಥ ಕಡೆ ಬೆಳಗಿನ ಎದುರು ಬೆಳಕನ್ನು ಕೈಬಿಟ್ಟು, ಪಶ್ಚಿಮದ ಬೆಟ್ಟದ ತುದಿಗೆ ಬಿಸಿಲು ತಾಗುವುದನ್ನು ಕಾಯುವುದೇ ಮೇಲು. ಕೆಳಗೆ ನೆರಳಿನಲ್ಲಿ ನೀಲಿ ನೀರು, ಮೇಲೆ ಕೆಂಪು ತುದಿ. ಆ ಜೋಡಿ ನನಗೆ ತುಂಬಾ ಇಷ್ಟ.

ಉಳಿದುಕೊಳ್ಳುವ ಕೋಣೆ ಗೊತ್ತುಮಾಡುವುದಕ್ಕೆ ಮುಂಚೆಯೇ ಇದನ್ನೆಲ್ಲ ಯೋಚಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ದೊಡ್ಡ ಸರೋವರದಲ್ಲಿ ಆಚೆ ದಡಕ್ಕೆ ಹೋಗಲು ಒಂದು ಗಂಟೆ ಗಾಡಿ ಓಡಿಸಬೇಕಾಗಬಹುದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗೊತ್ತಿಲ್ಲದ ದಾರಿಯಲ್ಲಿ ಹೋಗುವುದಕ್ಕೂ, ಬಾಗಿಲು ತೆಗೆದು ಐದು ನಿಮಿಷ ನಡೆಯುವುದಕ್ಕೂ ಬಹಳ ವ್ಯತ್ಯಾಸ. ಕಿಟಕಿಯಿಂದ ನೀರು ಕಾಣುವ ಕೋಣೆಯೋ, ಬೆಳಗ್ಗೆ ಬೇಕಾದ ದಡಕ್ಕೆ ನಡೆದು ಹೋಗುವಷ್ಟು ಹತ್ತಿರದ ಕೋಣೆಯೋ ಅಂತ ಬಂದರೆ ಯೋಚಿಸದೆ ಎರಡನೆಯದನ್ನು ತೆಗೆದುಕೊಳ್ಳಿ.

ಮೇಲಿಂದಲೋ, ನೀರಿನ ಅಂಚಿನಿಂದಲೋ?

ಗುಡ್ಡ ಹತ್ತಿ ನೋಡಿದರೆ ಸರೋವರದ ಆಕಾರ ಸಿಗುತ್ತದೆ. ಕೊಲ್ಲಿಗಳು, ದ್ವೀಪಗಳು, ಸುತ್ತುವ ದಾರಿ ಎಲ್ಲ ಒಂದೇ ನೋಟಕ್ಕೆ. ಕೆಳಗೆ ನೀರಿನ ಅಂಚಿಗೆ ಹೋದರೆ ಆಕಾರ ಮಾಯವಾಗಿ ಪ್ರತಿಬಿಂಬ ಸಿಗುತ್ತದೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಇದಕ್ಕೆ ಕಾರಣ ನೀರಿನ ಗುಣವೇ. ನೇರ ಮೇಲಿಂದ ನೋಡಿದಾಗ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ. ನೋಟ ಓರೆಯಾದಷ್ಟೂ ಕನ್ನಡಿಯ ಗುಣ ಹೆಚ್ಚುತ್ತದೆ. ಅದಕ್ಕೇ ಕ್ಯಾಮೆರಾವನ್ನು ಕಣ್ಣಿನ ಮಟ್ಟದಿಂದ ಮೊಣಕಾಲಿನ ಮಟ್ಟಕ್ಕೆ, ಅಲ್ಲಿಂದ ನೀರಿಗೆ ಒಂದು ಗೇಣು ಮೇಲಕ್ಕೆ ಇಳಿಸಿದಂತೆ ಪ್ರತಿಬಿಂಬ ಗಟ್ಟಿಯಾಗುತ್ತಾ ಹೋಗುತ್ತದೆ. ಒಮ್ಮೆ ಮಾಡಿ ನೋಡಿ. ನಿಂತಲ್ಲೇ ಕೂತರೆ ಸಾಕು, ಫೋಟೊ ಬೇರೆಯೇ ಆಗುತ್ತದೆ. ಫೋನಿನಲ್ಲಿ ತೆಗೆಯುವವರು ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೀರಿಗೆ ಇನ್ನೂ ಹತ್ತಿರ ಬರುತ್ತದೆ.

ಚಿಕ್ಕ ಪ್ರವಾಸಕ್ಕೆ ಬಹಳ ಉಪಯೋಗವಾಗುವ ಸಂಗತಿ ಇನ್ನೊಂದಿದೆ. ಎತ್ತರದ ಜಾಗಕ್ಕೆ ಬೆಳಗ್ಗೆ ಅಥವಾ ಸಂಜೆಯನ್ನೇ ಖರ್ಚು ಮಾಡಬೇಕಾಗಿಲ್ಲ. ನೀರಿಗೆ ತನ್ನದೇ ಬಣ್ಣವಿದ್ದರೆ, ಅಂದರೆ ತಳ ಕಾಣುವಷ್ಟು ತಿಳಿಯಾಗಿದ್ದರೆ ಅಥವಾ ಹಿಮನದಿಯ ನುಣ್ಣನೆ ಕಲ್ಲಿನ ಹಿಟ್ಟು ಬೆರೆತು ನೀಲಿಹಸಿರಾಗಿದ್ದರೆ, ನಡುಹಗಲಿನ ಬಿಸಿಲೇ ಒಳ್ಳೆಯದು. ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಬೆಳಕು ನೀರಿನೊಳಕ್ಕೆ ಇಳಿಯುತ್ತದೆ, ಬಣ್ಣ ಮೇಲೆ ಬರುತ್ತದೆ. ಲೆನ್ಸಿನ ಮುಂದೆ ಕೂರಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಹಾಕಿ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡುವಾಗ ಅದು ಮೇಲಿನ ಹೊಳಪನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕುತ್ತದೆ. ಹೀಗೆ ಗುಡ್ಡ ಹತ್ತುವುದನ್ನು ಹಗಲಿಗೆ ಇಟ್ಟುಕೊಂಡರೆ ಬೆಳಗ್ಗೆ, ಸಂಜೆ ಎರಡೂ ನೀರಿನ ಅಂಚಿಗೆ ಉಳಿಯುತ್ತವೆ.

ನೀರು ಕಂದು ಬಣ್ಣದ್ದಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಹಗಲಿನಲ್ಲಿ ಮೇಲಿಂದ ಅದು ಸಪ್ಪೆಯಾಗಿ ಕಾಣುತ್ತದೆ. ಅಲ್ಲಿ ಗುಡ್ಡಕ್ಕೆ ಒಂದು ಸಂಜೆ ಕೊಡಬೇಕು. ಕತ್ತಲಾದ ಮೇಲೆ ಇಳಿದು ಬರಬೇಕು ಅನ್ನುವುದು ನೆನಪಿರಲಿ. ಹತ್ತುವಾಗ ಸಲೀಸಾಗಿ ಕಂಡ ದಾರಿ ಇಳಿಯುವಾಗ ಹಾಗೆ ಇರುವುದಿಲ್ಲ. ತಲೆಗೆ ಕಟ್ಟುವ ಟಾರ್ಚು, ಜೊತೆಗೆ ಒಬ್ಬರು, ಇಷ್ಟಿದ್ದರೆ ಮಾತ್ರ ಹೋಗಿ.

ಎಷ್ಟು ಎತ್ತರ ಸಾಕು? ಬ್ಲೆಡ್‌ನಲ್ಲಿ ಒಯ್‌ಸ್ಟ್ರಿತ್ಸದ ಎತ್ತರ ಸಮುದ್ರಮಟ್ಟದಿಂದ 611 ಮೀಟರ್, ಸರೋವರದ್ದು 475. ಅಂದರೆ ನೀರಿನಿಂದ 136 ಮೀಟರ್ ಮೇಲೆ. ಅಷ್ಟಕ್ಕೇ ದ್ವೀಪದ ಸುತ್ತ ನೀರು ಬಿಡಿಸಿಕೊಂಡು ಕಾಣುತ್ತದೆ. ಚಿಕ್ಕ ಸರೋವರವಾದರೆ ಇನ್ನೂ ಕಡಿಮೆ ಎತ್ತರವೂ ಸಾಕು. ತುಂಬಾ ಮೇಲೆ ಹೋದರೆ ನೀರು ಸುತ್ತಲಿನ ನೆಲದ ನಡುವೆ ಒಂದು ಚುಕ್ಕೆಯಾಗಿಬಿಡುತ್ತದೆ. ಅತಿ ಎತ್ತರದ ಶಿಖರವನ್ನೇ ಆರಿಸಬೇಕು ಅನ್ನುವ ಹಟ ಬೇಡ.

ಜೆಟ್ಟಿ, ಬಂಡೆ, ಜೊಂಡು, ದೋಣಿ

ದಡ ಗೊತ್ತಾದ ಮೇಲೆ ಕಾಲಿನ ಹತ್ತಿರ ಏನಿರಬೇಕು ಅನ್ನುವ ಪ್ರಶ್ನೆ. ನೀರು, ಆಕಾಶ ಎರಡೇ ಇದ್ದರೆ ಫೋಟೊ ಖಾಲಿಯಾಗಿ ಕಾಣುತ್ತದೆ.

ದೋಣಿ ಹತ್ತುವ ಜೆಟ್ಟಿ ಎಲ್ಲಕ್ಕಿಂತ ಸುಲಭ. ಗೆರೆ ತಾನಾಗಿಯೇ ನೀರಿನೊಳಕ್ಕೆ ಕರೆದೊಯ್ಯುತ್ತದೆ, ಕಾಲು ಒದ್ದೆಯಾಗುವುದಿಲ್ಲ. ಆದರೆ ತೇಲುವ ಜೆಟ್ಟಿಯ ಮೇಲೆ ಟ್ರೈಪಾಡ್ ಇಟ್ಟು ದೀರ್ಘ ಎಕ್ಸ್‌ಪೋಷರ್, ಅಂದರೆ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡುವ ಫೋಟೊ, ತೆಗೆಯಲು ಹೋಗಬೇಡಿ. ಅದು ಸದಾ ಅಲುಗುತ್ತಿರುತ್ತದೆ, ಫೋಟೊ ಕಲಸಿಹೋಗುತ್ತದೆ. ದಡದ ಮೇಲೆ ಟ್ರೈಪಾಡ್ ಇಟ್ಟು ಜೆಟ್ಟಿಯನ್ನು ಫ್ರೇಮಿಗೆ ತೆಗೆದುಕೊಳ್ಳಿ. ಜೆಟ್ಟಿಯ ತುದಿಗೆ ಹೋಗಿ ತೆಗೆಯುವುದಕ್ಕಿಂತ ಹಿಂದೆ ನಿಂತು ತೆಗೆಯುವುದೇ ಬಹಳ ಸಲ ಚೆನ್ನಾಗಿರುತ್ತದೆ.

ಬಂಡೆಗಳಿರುವ ದಡ ನನ್ನ ಮೊದಲ ಆಯ್ಕೆ. ಒಂದೇ ಕಡೆ ಕೂತು ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಸರಿದರೂ ಹೊಸ ಜೋಡಣೆ ಸಿಗುತ್ತದೆ. ಪಾಚಿ ಕಟ್ಟಿದ ಕಲ್ಲು ಮಾತ್ರ ಬಹಳ ಜಾರುತ್ತದೆ, ಕತ್ತಲಲ್ಲಿ ಅದು ಕಾಣುವುದೂ ಇಲ್ಲ. ಹಾಗಾಗಿ ಹಗಲಲ್ಲೇ ಹೋಗಿ ಯಾವ ಕಲ್ಲಿನ ಮೇಲೆ ಕಾಲಿಡಬಹುದು ಅಂತ ನೋಡಿಟ್ಟುಕೊಳ್ಳಬೇಕು.

ಜೊಂಡು ಬೆಳೆದ ಮೂಲೆಗಳು ಹಕ್ಕಿಗಳಿಗೆ, ಮಂಜಿಗೆ, ಮೋಡದ ದಿನಕ್ಕೆ ಒಳ್ಳೆಯವು. ದೊಡ್ಡ ನೋಟ ಅಲ್ಲಿ ಸಿಗುವುದಿಲ್ಲ. ಇನ್ನೊಂದು ವಿಷಯ ನಿಜಕ್ಕೂ ಮನಸ್ಸಿಟ್ಟು ಕೇಳಿ. ಕೆಲವು ನೀರುಹಕ್ಕಿಗಳು ತೇಲುವ ಗಿಡಗಳ ಮೇಲೇ ಗೂಡು ಕಟ್ಟುತ್ತವೆ. ಜೊಂಡಿನೊಳಕ್ಕೆ ನುಗ್ಗಿದರೆ ತಾಯಿಹಕ್ಕಿ ಗೂಡು ಬಿಟ್ಟು ಏಳುತ್ತದೆ, ಮೊಟ್ಟೆಗಳು ಬಿಸಿಲಿಗೋ ಕಾಗೆಗೋ ಸಿಕ್ಕಿಬಿಡುತ್ತವೆ. ಹೊರಗೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸಿನಲ್ಲಿ ಎಷ್ಟು ಸಿಗುತ್ತದೋ ಅಷ್ಟೇ ಸಾಕು.

ದೋಣಿಯಿಂದ ತೆಗೆಯುವುದು ಖುಷಿ ಕೊಡುತ್ತದೆ, ಆದರೆ ಅದಕ್ಕಿಂತ ಜಾಗ ಹುಡುಕುವುದಕ್ಕೇ ದೋಣಿ ಹೆಚ್ಚು ಉಪಯೋಗ. ನೀರಿನಿಂದ ದಡವನ್ನು ನೋಡಿದಾಗ ರಸ್ತೆಯಿಂದ ಕಾಣದ ಕೊಲ್ಲಿ, ಒಂಟಿ ಮರ, ಕಾಲುದಾರಿ ಎಲ್ಲ ಕಣ್ಣಿಗೆ ಬೀಳುತ್ತವೆ. ಮೊದಲ ದಿನ ಮಧ್ಯಾಹ್ನವೇ ಒಂದು ಸುತ್ತು ಹೋಗಿ ಬನ್ನಿ. ಫೋಟೊ ತೆಗೆಯುವುದಾದರೆ ಟ್ರೈಪಾಡ್ ಬೇಡ, ಶಟರ್ ಸ್ಪೀಡ್ ಸೆಕೆಂಡಿನ 500ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ ಇರಲಿ.

ಗಾಳಿ ನೋಡಿ ಜಾಗ

ಎದುರು ಬೆಟ್ಟ ಎಷ್ಟೇ ಚಂದವಿರಲಿ, ನೀರು ಅಲುಗುತ್ತಿದ್ದರೆ ಪ್ರತಿಬಿಂಬವಿಲ್ಲ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ, ನೀರಿನ ಕಡೆಯಿಂದ ತಂಪುಗಾಳಿ ದಡಕ್ಕೆ ಬೀಸತೊಡಗುತ್ತದೆ. ರಾತ್ರಿ ನೆಲ ತಣ್ಣಗಾಗಿ ಇದು ನಿಲ್ಲುತ್ತದೆ. ದೊಡ್ಡ ಗಾಳಿಯ ದಿನವಲ್ಲದಿದ್ದರೆ ನೀರು ಅತಿ ಶಾಂತವಾಗಿರುವುದು ಬೆಳಗಿನ ಜಾವ. ಆದ್ದರಿಂದ ಪ್ರತಿಬಿಂಬ ಬೇಕಾದ ಜಾಗವನ್ನು ಬೆಳಗ್ಗೆಗೆ ಇಟ್ಟುಕೊಳ್ಳಿ, ಅಲೆ ಇದ್ದರೂ ನಡೆಯುವ ಬಂಡೆ, ಜೆಟ್ಟಿಯನ್ನು ಸಂಜೆಗೆ.

ಗಾಳಿ ಬೀಸುತ್ತಲೇ ಇದ್ದರೆ ದಡ ಬದಲಿಸಿ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ, ಗುಡ್ಡದ ಅಥವಾ ಮರಗಳ ಮೇಲಿಂದ ನೀರಿನ ಕಡೆಗೆ ಹೋಗುವಂಥ ಜಾಗದಲ್ಲಿ ಅಂಚಿನ ನೀರು ಮರೆಯಲ್ಲಿರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ದಡದಲ್ಲಿ ಅಲೆ ಅತಿ ಹೆಚ್ಚು. ಎಲ್ಲೂ ಮರೆ ಸಿಗದಿದ್ದರೆ ಬಂಡೆಗಳ ನಡುವೆ ನಿಂತ ಒಂದು ಮೊಳ ನೀರು ಸಾಕು. ಅದರ ಅಂಚಿಗೆ ಲೆನ್ಸ್ ಇಟ್ಟರೆ ಇಡೀ ಬೆಟ್ಟ ಅದರಲ್ಲಿ ಕಾಣುತ್ತದೆ.

ಮಂಜು ಬೇಕು ಅಂತ ಆಸೆ ಇದ್ದವರು ಹಿಂದಿನ ರಾತ್ರಿ ಆಕಾಶ ನೋಡಿ. ಮೋಡವಿಲ್ಲದ, ಗಾಳಿಯಿಲ್ಲದ, ಚಳಿಯ ರಾತ್ರಿಯಾದರೆ ಬೆಳಗ್ಗೆ ನೀರಿನ ಮೇಲೆ ಹಬೆಯಂಥ ಮಂಜು ಏಳುವ ಸಾಧ್ಯತೆ ಹೆಚ್ಚು. ನೀರು ಇನ್ನೂ ಬೆಚ್ಚಗಿದ್ದು ಮೇಲಿನ ಗಾಳಿ ತಣ್ಣಗಿರಬೇಕು. ದಡದಲ್ಲಿ ಏನೂ ಕಾಣದಷ್ಟು ದಟ್ಟವಾಗಿದ್ದರೆ ಹತ್ತಿರದ ಎತ್ತರಕ್ಕೆ ಹೋಗಿ ನೋಡಿ. ಮಂಜು ತಗ್ಗಿನಲ್ಲೇ ಕೂತು ಮೇಲೆ ಬಿಸಿಲಿರಬಹುದು.

ಹೆಸರಾದ ಜಾಗವೋ, ನೀವೇ ಹುಡುಕಿದ ಜಾಗವೋ?

ಹೆಸರಾದ ಜಾಗಗಳ ಬಗ್ಗೆ ಕೆಲವರಿಗೆ ತಾತ್ಸಾರ. ನನಗೆ ಅದು ಸರಿ ಅನ್ನಿಸುವುದಿಲ್ಲ. ಅಲ್ಲಿ ನೋಟ ಅಡ್ಡಿಯಿಲ್ಲದೆ ಸಿಗುತ್ತದೆ, ದಾರಿ ಇರುತ್ತದೆ, ಕಾಲಿಡಲು ನೆಲ ಗಟ್ಟಿಯಿರುತ್ತದೆ. ಗಂಟೆಗಟ್ಟಲೆ ಹುಡುಕುವ ಸಮಯವಿಲ್ಲದವರಿಗೆ ಇವೆಲ್ಲ ಸಣ್ಣ ವಿಷಯಗಳಲ್ಲ. ಮೊದಲ ಸಲ ಹೋಗುವವರು ಒಂದು ಹೊತ್ತನ್ನು ಹೆಸರಾದ ಜಾಗಕ್ಕೆ ಕೊಡಲಿ. ಹೋಗುವ ಮುಂಚೆ ಅಲ್ಲಿನ ನಿಯಮ ಮಾತ್ರ ನೋಡಿಕೊಳ್ಳಿ. ಮೊರೇನ್ ಲೇಕ್ ರಸ್ತೆಯಲ್ಲಿ 2023ರಿಂದ ಸ್ವಂತ ವಾಹನಕ್ಕೆ ಅವಕಾಶವಿಲ್ಲ, ಹೆಚ್ಚಿನವರು ಬಸ್ಸಿನಲ್ಲೇ ಹೋಗುತ್ತಾರೆ. ಇಂಥದ್ದು ಗೊತ್ತಿಲ್ಲದೆ ಹೋದರೆ ಇದ್ದ ಒಂದೇ ಬೆಳಗ್ಗೆಯೂ ಹೋಗುತ್ತದೆ.

ಉಳಿದ ಹೊತ್ತಿಗೆ ನೀವೇ ಹುಡುಕಿ. ಹುಡುಕುವ ದಾರಿಗಳಲ್ಲೂ ಒಂದೊಂದಕ್ಕೆ ಒಂದೊಂದು ಗುಣ, ಒಂದೊಂದು ಕೊರತೆ. ಉಪಗ್ರಹದ ಚಿತ್ರ ಮನೆಯಲ್ಲೇ ಕೂತು ನೋಡಬಹುದು. ಕೊಲ್ಲಿ, ಚಾಚಿಕೊಂಡ ನೆಲ, ಒಂಟಿ ದ್ವೀಪ, ನೀರಿಗೆ ತಾಗುವ ಕಾಲುದಾರಿ ಎಲ್ಲ ಕಾಣುತ್ತವೆ. ಮರಗಳು ಎಷ್ಟು ಎತ್ತರ, ನೋಟಕ್ಕೆ ಬೇಲಿ ಅಡ್ಡ ಬರುತ್ತದಾ ಅನ್ನುವುದು ಕಾಣುವುದಿಲ್ಲ. ಸೂರ್ಯನ ದಿಕ್ಕು ತೋರಿಸುವ ಫೋಟೊಪಿಲ್ಸ್‌ನಂಥ ಆ್ಯಪ್‌ಗಳಲ್ಲಿ ನಕ್ಷೆಯ ಮೇಲೆ ಒಂದು ಗುರುತಿಟ್ಟು, ನೀವು ಹೋಗುವ ದಿನ ಅಲ್ಲಿಂದ ಸೂರ್ಯ, ಚಂದ್ರ ಯಾವ ದಿಕ್ಕಿಗೆ ಹುಟ್ಟುತ್ತಾರೆ ಅಂತ ನೋಡಬಹುದು. ನಾನು ಎರಡನ್ನೂ ಒಟ್ಟಿಗೆ ಬಳಸುತ್ತೇನೆ. ಮನೆಯಲ್ಲಿ ಅರ್ಧ ಗಂಟೆ ಕೂತರೆ ಅಲ್ಲಿ ಅರ್ಧ ದಿನ ಉಳಿಯುತ್ತದೆ.

ಬೇರೆಯವರ ಫೋಟೊ ನೋಡಿ ಹೋಗುವುದು ಮೂರನೆಯ ದಾರಿ. ಅದನ್ನು ನಂಬಿ ನಾನು ಒಂದು ಬೆಳಗ್ಗೆ ಕಳೆದುಕೊಂಡಿದ್ದೇನೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಒಣಮರಗಳ ಫೋಟೊ ನೋಡಿದ್ದೆ. ಕತ್ತಲಲ್ಲಿ ಹೋಗಿ ಟ್ರೈಪಾಡ್ ನಿಲ್ಲಿಸಿದೆ. ಬೆಳಕು ಹರಿದಾಗ ಮರಗಳು ಒಣ ನೆಲದ ಮೇಲೆ ನಿಂತಿದ್ದವು, ನೀರು ಎಲ್ಲೋ ದೂರದಲ್ಲಿ ಒಂದು ಬಿಳಿ ಗೆರೆಯಾಗಿತ್ತು. ಫೋಟೊ ಮಳೆಗಾಲ ಮುಗಿದ ಕೂಡಲೇ ತೆಗೆದದ್ದು, ನಾನು ಹೋದದ್ದು ಬೇಸಿಗೆಯಲ್ಲಿ. ನೀರಿನ ಹತ್ತಿರವಾದರೂ ಹೋಗೋಣ ಅಂದರೆ ಹೂಳು ಮೊಣಕಾಲಿನವರೆಗೆ ಎಳೆಯಿತು. ಹಿಂದಿರುಗಬೇಕಾಯಿತು. ಅಂದಿನಿಂದ ಫೋಟೊ ಯಾವ ತಿಂಗಳಿನದು ಅಂತ ನೋಡದೆ ಯಾವ ಜಾಗವನ್ನೂ ಗುರುತು ಹಾಕಿಕೊಳ್ಳುವುದಿಲ್ಲ. ಸಹಜ ಸರೋವರದಲ್ಲಿ ನೀರಿನ ಮಟ್ಟ ಸಾಮಾನ್ಯವಾಗಿ ಇಷ್ಟು ಏರಿಳಿಯುವುದಿಲ್ಲ. ಹಿನ್ನೀರಿನಲ್ಲಿ ಏರಿಳಿಯುತ್ತದೆ, ಕೆಲವೊಮ್ಮೆ ಬೇಗನೇ. ಹೊಸದಾಗಿ ಬಯಲಾದ ಹೂಳಿನ ಮೇಲೆ ಕಾಲಿಡಲೇಬೇಡಿ.

ಎಲ್ಲಕ್ಕಿಂತ ನಂಬಿಕೆಯ ದಾರಿ ನಡೆಯುವುದು. ತಲುಪಿದ ದಿನ ಮಧ್ಯಾಹ್ನ ಬೆಳಕು ಹೇಗೂ ಚೆನ್ನಾಗಿರುವುದಿಲ್ಲ. ಕ್ಯಾಮೆರಾ ಚೀಲ ಕೋಣೆಯಲ್ಲಿಟ್ಟು ಬರೀ ಫೋನು ಹಿಡಿದು ದಡದಗುಂಟ ಒಂದೆರಡು ಕಿಲೋಮೀಟರ್ ನಡೆಯಿರಿ. ಇಷ್ಟವಾದಲ್ಲಿ ಫೋನಿನಲ್ಲಿ ಒಂದು ಫೋಟೊ, ಅಷ್ಟೇ. ಮೀನು ಹಿಡಿಯುವವರು ಸಿಕ್ಕರೆ ಮಾತಾಡಿಸಿ. ಬೆಳಗ್ಗೆ ಯಾವ ಕಡೆ ನೀರು ಅಲುಗುವುದಿಲ್ಲ, ದೋಣಿಗಳು ಎಷ್ಟು ಹೊತ್ತಿಗೆ ಹೊರಡುತ್ತವೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಸಂಜೆ ಎಷ್ಟು ಹೊತ್ತಿದೆ ಅಂತ ತಿಳಿಯಲು ಕೈ ಮುಂದಕ್ಕೆ ಚಾಚಿ, ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳುಗಳನ್ನು ಅಡ್ಡ ಹಿಡಿಯಿರಿ. ಸೂರ್ಯನನ್ನೇ ದಿಟ್ಟಿಸಬೇಡಿ. ಒಂದು ಬೆರಳಿಗೆ ಹದಿನೈದು ನಿಮಿಷ ಅನ್ನುವುದು ರೂಢಿಯ ಲೆಕ್ಕ. ಭೂಮಧ್ಯರೇಖೆಗೆ ಹತ್ತಿರವಿದ್ದರೆ ಸೂರ್ಯ ನೇರ ಕೆಳಗಿಳಿಯುವುದರಿಂದ ಅದಕ್ಕಿಂತ ಬೇಗ ಮುಳುಗುತ್ತಾನೆ, ಬೆರಳಿಗೆ ಹತ್ತು ನಿಮಿಷ ಅಂತಲೇ ಇಟ್ಟುಕೊಳ್ಳಿ.

ಅಗಲ ಲೆನ್ಸೋ, ಉದ್ದ ಲೆನ್ಸೋ?

ಸರೋವರ ಅಂದ ಕೂಡಲೇ ಎಲ್ಲರೂ ದೊಡ್ಡ ನೋಟವನ್ನು ಒಟ್ಟಿಗೆ ಹಿಡಿಯುವ ಅಗಲ ಲೆನ್ಸ್ ಹಾಕುತ್ತಾರೆ. ಕಾಲಬುಡದಲ್ಲಿ ಒಳ್ಳೆಯ ಬಂಡೆ ಇದ್ದರೆ ಸರಿ. ಇಲ್ಲದಿದ್ದರೆ ಎದುರಿನ ಬೆಟ್ಟ ಚಿಕ್ಕದಾಗಿ, ನಡುವೆ ಸುಮ್ನೆ ನೀರು ಉಳಿಯುತ್ತದೆ. ನೀರು ದಾಟಿ ಹೋಗಲು ಸಮಯವಿಲ್ಲದ ಪ್ರವಾಸದಲ್ಲಿ ಉದ್ದ ಲೆನ್ಸ್ ದೋಣಿಯ ಕೆಲಸ ಮಾಡುತ್ತದೆ. ಒಂದೇ ಕಲ್ಲಿನ ಮೇಲೆ ಕೂತು ಆಚೆ ದಡದ ಮನೆ, ಮಂಜಿನಲ್ಲಿ ಅರ್ಧ ಕಾಣುವ ಮರ, ನಡುವೆ ಹೋಗುವ ದೋಣಿ, ಹೀಗೆ ಹತ್ತು ಫೋಟೊ ಸಿಗುತ್ತವೆ. ಎರಡರಲ್ಲಿ ಒಂದೇ ಒಯ್ಯಬಹುದು ಅಂದರೆ ನಾನು 70–200 ಮಿ.ಮೀ. ಉದ್ದ ಲೆನ್ಸ್ ಒಯ್ಯುತ್ತೇನೆ, ಅಗಲ ನೋಟಕ್ಕೆ ಫೋನು ಇದ್ದೇ ಇದೆ.

ಪ್ರತಿಬಿಂಬ ನಿಜವಾದ ಆಕಾಶಕ್ಕಿಂತ ಯಾವಾಗಲೂ ಸ್ವಲ್ಪ ಮಂಕಾಗಿರುತ್ತದೆ. ಮನೆಗೆ ಬಂದು ಫೋಟೊ ತಿದ್ದುವಾಗ ನೀರನ್ನು ಆಕಾಶಕ್ಕಿಂತ ಬೆಳ್ಳಗೆ ಮಾಡಿಬಿಟ್ಟರೆ ನೋಡಿದವರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ.

ಮೋಡ ಕವಿದರೆ

ಬಣ್ಣದ ಆಸೆ ಬಿಟ್ಟು ಆಕಾಶವನ್ನೇ ಫ್ರೇಮಿನಿಂದ ಹೊರಗಿಡಿ. ಎತ್ತರದ ಜಾಗ ರದ್ದು. ಜೊಂಡಿನ ಮೂಲೆ, ನೀರಿಗೆ ಬಾಗಿದ ಕೊಂಬೆ, ಸರೋವರಕ್ಕೆ ಸೇರುವ ಸಣ್ಣ ತೊರೆ ಇವಕ್ಕೆ ಮೋಡದ ಮೆತ್ತನೆ ಬೆಳಕೇ ಚೆನ್ನ. ಕಪ್ಪುಬಿಳುಪಿಗೂ ಇದು ಒಳ್ಳೆಯ ದಿನ. ಪಶ್ಚಿಮದಲ್ಲಿ ದಿಗಂತದ ಹತ್ತಿರ ಒಂದು ಪಟ್ಟಿ ತೆರೆದಿದ್ದರೆ ಮಾತ್ರ ಸಂಜೆ ಜಾಗ ಬಿಟ್ಟು ಕದಲಬೇಡಿ. ಮುಳುಗುವ ಸೂರ್ಯ ಆ ಸಂದಿಗೆ ಬಂದರೆ ಮೋಡದ ಹೊಟ್ಟೆಗೆಲ್ಲ ಕೆಳಗಿನಿಂದ ಬಣ್ಣ ಹತ್ತುತ್ತದೆ.

ಯಾರಿಗೆ ಯಾವುದು?

ರಾತ್ರಿ ಉಳಿಯದೆ ಒಂದೇ ದಿನಕ್ಕೆ ಹೋಗಿ ಬರುವವರು ಬೆಳಗ್ಗೆಗೆ ಹೊರಡುವ ಬದಲು ಮಧ್ಯಾಹ್ನ ಹೊರಟು, ಸಂಜೆಯನ್ನು ಪೂರ್ತಿ ಅಲ್ಲಿ ಕಳೆಯುವುದು ಒಳ್ಳೆಯದು. ಸೂರ್ಯ ಮುಳುಗಿದ ಕೂಡಲೇ ಚೀಲ ಕಟ್ಟಬೇಡಿ. ಆಮೇಲಿನ ಇಪ್ಪತ್ತು ನಿಮಿಷದಲ್ಲಿ ಆಕಾಶ ಗಾಢ ನೀಲಿಗೆ ತಿರುಗುತ್ತದೆ, ಆಚೆ ದಡದ ದೀಪಗಳು ನೀರಿಗೆ ಇಳಿಯುತ್ತವೆ, ಗಾಳಿಯೂ ಎಷ್ಟೋ ಸಲ ಆಗಲೇ ನಿಲ್ಲುತ್ತದೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ನೀಲಿ ಹೊತ್ತು ಉದ್ದ.

ಮಕ್ಕಳು, ಹಿರಿಯರು ಜೊತೆಗಿದ್ದರೆ ಬೆಳಗಿನ ಹೊತ್ತನ್ನು ನಿಮಗಾಗಿ ಇಟ್ಟುಕೊಳ್ಳಿ, ಸಂಜೆಯನ್ನು ಅವರಿಗೆ ಕೊಡಿ. ಅವರು ಏಳುವಷ್ಟರಲ್ಲಿ ನಿಮ್ಮ ಕೆಲಸ ಮುಗಿದಿರುತ್ತದೆ. ಇದಕ್ಕೇ ಕೋಣೆ ದಡದ ಹತ್ತಿರ ಇರಬೇಕು ಅಂದದ್ದು. ಸಂಜೆಗೆ ಜೆಟ್ಟಿಯನ್ನು ಆರಿಸಿ, ಮನೆಯವರೇ ಫೋಟೊದಲ್ಲಿರಲಿ. ಎದುರು ಬೆಳಕಿನಲ್ಲಿ ನಾಲ್ಕು ಜನರ ಕಪ್ಪು ಆಕಾರ ಬಿಡಿಬಿಡಿಯಾಗಿ ಕಾಣುವ ಹಾಗೆ ನಡುವೆ ಒಂದೊಂದು ಹೆಜ್ಜೆ ಅಂತರ ಬಿಟ್ಟು ನಿಲ್ಲಿಸಿ.

ಒಂದು ರಾತ್ರಿ ಸಿಕ್ಕರೆ ಸಂಜೆಗೆ ಒಂದು ಜಾಗ, ಬೆಳಗ್ಗೆಗೆ ಇನ್ನೊಂದು, ಎರಡೂ ಕೋಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಹೆಸರಾದ ಜಾಗಕ್ಕೆ ಬೆಳಗ್ಗೆ ಹೋಗುವುದೇ ಮೇಲು, ಜನ ಕಡಿಮೆ.

ಎರಡು ರಾತ್ರಿ ಸಿಕ್ಕರೆ ನಾಲ್ಕು ಹೊತ್ತಿಗೆ ನಾಲ್ಕು ಜಾಗ ಅಂತ ಆಸೆಯಾಗುತ್ತದೆ. ನಾನು ಮೂರೇ ಆರಿಸುತ್ತೇನೆ. ಮೊದಲ ಸಂಜೆ ಕೋಣೆಯ ಹತ್ತಿರದ ದಡ. ಮರುದಿನ ಬೆಳಗ್ಗೆ ಬಂಡೆಗಳ ದಡ, ಪ್ರತಿಬಿಂಬಕ್ಕಾಗಿ. ಹಗಲಿನಲ್ಲಿ ಗುಡ್ಡ. ಸಂಜೆ ಜೆಟ್ಟಿ. ಕೊನೆಯ ಬೆಳಗ್ಗೆ ಮತ್ತೆ ಅದೇ ಬಂಡೆಗಳ ದಡಕ್ಕೆ ಹೋಗುತ್ತೇನೆ. ಹಿಂದಿನ ದಿನ ಗಾಳಿ ಇದ್ದಿರಬಹುದು, ಇವತ್ತು ಇಲ್ಲದಿರಬಹುದು. ಯಾವ ಕಲ್ಲು ಜಾರುತ್ತದೆ, ಬೆಟ್ಟದ ತುದಿಗೆ ಬಿಸಿಲು ಎಷ್ಟು ಗಂಟೆಗೆ ತಾಗುತ್ತದೆ, ಟ್ರೈಪಾಡಿನ ಮೂರು ಕಾಲು ಎಲ್ಲೆಲ್ಲಿ ಕೂರುತ್ತವೆ ಅನ್ನುವುದು ಎರಡನೇ ಸಲಕ್ಕೆ ಕತ್ತಲಲ್ಲೂ ಗೊತ್ತಿರುತ್ತದೆ.